ಅಚ್ಚಿಗೆ ಅಂಟಿದ ಎಂಜಲು

ಎಂಜಲಿನ ವಿಷಯದಲ್ಲಿ ಕನ್ನಡ ನಾಡಿನ ಗೃಹಿಣಿಯದು ಬಹಳ ಕಟ್ಟುನಿಟ್ಟು. ಒಬ್ಬರು ಕಚ್ಚಿ ಕುಡಿದ ಲೋಟವನ್ನು ತೊಳೆಯದೆ ಮತ್ತೊಬ್ಬರ ಕೈಗೆ ಕೊಡುವಂತಿಲ್ಲ. ಹೂಜಿಯ ನೀರನ್ನು ಎತ್ತಿಯೇ ಕುಡಿಯಬೇಕು. ಬಡಿಸುವ ಸೌಟು ಉಣ್ಣುವವರ ಎಲೆಗೆ ತಾಗಿದರೆ ಅದು ಮರಳಿ ಪಾತ್ರೆಗೆ ಇಳಿಯುವಂತಿಲ್ಲ. ಇವುಗಳಲ್ಲಿ ಆಚಾರವೆಷ್ಟು, ಆರೋಗ್ಯವೆಷ್ಟು ಎಂಬ ಚರ್ಚೆ ಹಳೆಯದು. ಅದು ಇಲ್ಲಿ ಬೇಡ. ಇಷ್ಟು ಎಚ್ಚರಿಕೆಯ ಮನೆಯ ಹಿರಿಯರೊಬ್ಬರು ಹಲ್ಲು ಕಟ್ಟಿಸಿಕೊಳ್ಳಲೆಂದು ದಂತವೈದ್ಯರಲ್ಲಿಗೆ ಹೋಗಿ ಬಾಯಿಯ ಅಳತೆ ಕೊಟ್ಟು ಬರುತ್ತಾರೆ. ಆ ಅಳತೆಯೆಂಬುದು ಅಂಗೈಯಗಲದ ಒಂದು ಎಂಜಲಿನ ಮುದ್ದೆಯೆಂಬುದು ಮಾತ್ರ ಯಾರ ಮನಸ್ಸಿಗೂ ಬರುವುದಿಲ್ಲ. ಅದು ಎಲ್ಲಿಗೆ ಹೋಯಿತು, ಯಾರ ಕೈ ಸೇರಿತು, ಯಾವ ಮೇಜಿನ ಮೇಲೆ ಯಾರ ಅಳತೆಯ ಪಕ್ಕದಲ್ಲಿ ಕುಳಿತಿತು ಎಂದು ಕೇಳುವವರೂ ವಿರಳ. ಕೇಳಬೇಕಾದ ಪ್ರಶ್ನೆ ಅದು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಈ ಅಳತೆಯ ಮರ್ಮವನ್ನು ವಿವರಿಸಬೇಕಾಗಿಲ್ಲ. ಮರದ ಅಚ್ಚಿನೊಳಗೆ ಪಾಕ ಹೊಯ್ದರೆ ಅಚ್ಚಿನಲ್ಲಿರುವ ಗೆರೆಯೂ ಸೀಳೂ ಸಕ್ಕರೆಯ ಗಿಳಿಯ ಮೈಮೇಲೆ ಮೂಡುತ್ತವೆ. ಅಚ್ಚಿನ ಮೂಲೆಯಲ್ಲಿ ಕಸರು ಉಳಿದಿದ್ದರೆ ಅದೂ ಗಿಳಿಗೆ ಅಂಟುತ್ತದೆ. ದಂತವೈದ್ಯರೂ ಇದನ್ನೇ ಮಾಡುತ್ತಾರೆ. ಲಾಳದ ಆಕಾರದ ತಟ್ಟೆಯೊಂದರಲ್ಲಿ ಮೆತ್ತನೆಯ ಹಿಟ್ಟನ್ನು ತುಂಬಿ, ರೋಗಿಯ ಬಾಯೊಳಗಿಟ್ಟು, ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಹಿಟ್ಟು ಗಟ್ಟಿಯಾದ ಮೇಲೆ ತೆಗೆದರೆ ವಸಡಿನ ಏರುತಗ್ಗುಗಳೂ ಉಳಿದ ಹಲ್ಲುಗಳ ಸಂದುಗೊಂದುಗಳೂ ತಿರುಗುಮುರುಗಾಗಿ ಅದರಲ್ಲಿ ಮೂಡಿರುತ್ತವೆ. ಆ ಅಚ್ಚಿನೊಳಗೆ ಜಿಪ್ಸಮ್ಮಿನ ಗಾರೆ ಹೊಯ್ದರೆ ರೋಗಿಯ ಬಾಯಿಯ ಪಡಿಯಚ್ಚು ಸಿದ್ಧ. ಹೊಸ ಹಲ್ಲಿನ ಸೆಟ್ಟು ತಯಾರಾಗುವುದು ಈ ಗಾರೆಯ ಬಾಯಿಯ ಮೇಲೆ.

ಅಚ್ಚಿನ ಹಿಟ್ಟಿಗೆ ಒಂದು ಸ್ವಾರಸ್ಯವಾದ ಚರಿತ್ರೆಯುಂಟು. ಹಿಂದೆ ಜೇನುಮೇಣವನ್ನೂ ಆಮೇಲೆ ಗಾರೆಯನ್ನೂ ನೇರವಾಗಿ ಬಾಯಿಗಿಟ್ಟು ಅಳತೆ ತೆಗೆಯುತ್ತಿದ್ದರು. 1856ರಲ್ಲಿ ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಎಂಬಾತನು, ಬಿಸಿಗೆ ಮೆತ್ತಗಾಗಿ ತಣಿದಾಗ ಗಟ್ಟಿಯಾಗುವ ಒಂದು ಮಿಶ್ರಣವನ್ನು ಸಿದ್ಧಪಡಿಸಿದನು. ಇಂದು ಹೃದಯದ ರಕ್ತನಾಳಗಳಲ್ಲಿ ಕೂರಿಸುವ 'ಸ್ಟೆಂಟ್' ಎಂಬ ಬಲೆಯ ಕೊಳವೆಗೆ ಆ ಹೆಸರು ಬಂದುದು ಈ ದಂತವೈದ್ಯನಿಂದಲೇ ಎಂದು ಬಹುಮಟ್ಟಿಗೆ ಒಪ್ಪಲಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟು ಬಳಕೆಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನಿಂದ ಅಗರ್ ಬರುವುದು ನಿಂತುಹೋದಾಗ, ಕಂದು ಬಣ್ಣದ ಇನ್ನೊಂದು ಜಾತಿಯ ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಅದರ ಸ್ಥಾನವನ್ನು ಹಿಡಿಯಿತು. ಪುಡಿಗೆ ನೀರು ಬೆರೆಸಿ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಈ ಅಗ್ಗದ ಪದಾರ್ಥವು ಇಂದಿಗೂ ಸಾವಿರಾರು ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಹೆಚ್ಚು ಸೂಕ್ಷ್ಮವಾದ ಕೆಲಸಕ್ಕೆ ಸಿಲಿಕೋನ್, ಪಾಲಿಈಥರ್ ಮೊದಲಾದ ರಬ್ಬರಿನಂಥ ವಸ್ತುಗಳು ಬಂದಿವೆ.

ಅಚ್ಚು ಬಾಯಿಯಿಂದ ಹೊರಬಂದ ಮೇಲೆ ಅದರ ಪ್ರಯಾಣ ಆರಂಭವಾಗುತ್ತದೆ. ಹಲ್ಲು ತಯಾರಿಸುವ ಪ್ರಯೋಗಾಲಯವು ಸಾಮಾನ್ಯವಾಗಿ ಚಿಕಿತ್ಸಾಲಯದಲ್ಲಿರುವುದಿಲ್ಲ. ಊರಿನ ಇನ್ನೊಂದು ಬೀದಿಯಲ್ಲಿಯೋ ಮತ್ತೊಂದು ಊರಿನಲ್ಲಿಯೋ ಇರುತ್ತದೆ. ಹುಡುಗನೊಬ್ಬ ಬಂದು ಹಲವು ವೈದ್ಯರ ಅಚ್ಚುಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಒಯ್ಯುತ್ತಾನೆ. ಅಲ್ಲಿ ಕುಶಲಕರ್ಮಿಯು ಗಾರೆ ಹೊಯ್ದು, ಪಡಿಯಚ್ಚನ್ನು ಬಿಡಿಸಿ, ಅಂಚು ಕೆತ್ತಿ, ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಅಕ್ರಿಲಿಕ್ಕಿನ ಸೆಟ್ಟನ್ನು ತಿರುಗುವ ಚಕ್ರಕ್ಕೆ ಹಿಡಿದು, ಪ್ಯೂಮಿಸ್ ಎಂಬ ಬೆಂಕಿಮಲೆಯ ಕಲ್ಲಿನ ಪುಡಿಯಿಂದ ಉಜ್ಜಿ ಹೊಳಪು ಕೊಡುತ್ತಾನೆ. ಒದ್ದೆ ಮಾಡಿದ ಆ ಪುಡಿಯ ಬಾಣಲೆ ಒಂದೇ. ಅದರಲ್ಲಿ ಹೊರಳುವ ಹಲ್ಲುಗಳು ಹಲವರವು. ಚಕ್ರ ತಿರುಗುವಾಗ ಏಳುವ ತುಂತುರು ಕುಶಲಕರ್ಮಿಯ ಮುಖಕ್ಕೇ ಎರಚುತ್ತದೆ. ರೋಗಿಯನ್ನು ಆತನು ಒಮ್ಮೆಯೂ ಕಂಡಿರುವುದಿಲ್ಲ. ಆದರೂ ರೋಗಿಯ ಬಾಯಲ್ಲಿದ್ದುದು ಆತನ ಬೆರಳಿಗೂ ಉಸಿರಿಗೂ ತಲುಪುವ ದಾರಿ ತೆರೆದೇ ಇರುತ್ತದೆ.

ಈ ದಾರಿಯಲ್ಲಿ ಸಾಗುವ ಪ್ರಯಾಣಿಕರು ಹಲವರು. ಕಾಮಾಲೆಯ ವೈರಾಣು, ಕ್ಷಯದ ಕ್ರಿಮಿ ಮುಂತಾದವುಗಳ ಹೆಸರು ಎಲ್ಲರಿಗೂ ಗೊತ್ತು. ಅವುಗಳ ಭಯವೂ ಉಂಟು. ಹೆಚ್ಚು ಸದ್ದು ಮಾಡದೆ ಜೊತೆಗೂಡುವ ಮತ್ತೊಂದು ಜೀವಿ ಕ್ಯಾಂಡಿಡ ಎಂಬ ಶಿಲೀಂಧ್ರ. ಮಳೆಗಾಲದಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಬರುವ ಬೂಷ್ಟು, ಬೇಕರಿಯ ಬನ್ನನ್ನು ಉಬ್ಬಿಸುವ ಯೀಸ್ಟು ಇವೆಲ್ಲವೂ ಇದರ ದೂರದ ನೆಂಟರು. ಇದರ ಮುಖ್ಯ ಜಾತಿಯಾದ ಕ್ಯಾಂಡಿಡ ಆಲ್ಬಿಕನ್ಸ್ ಎಂಬ ಹೆಸರಿನ ಎರಡು ಪದಗಳೂ ಲ್ಯಾಟಿನ್ ಭಾಷೆಯಲ್ಲಿ ಬಿಳುಪನ್ನೇ ಸೂಚಿಸುತ್ತವೆ. ಹಸುಗೂಸುಗಳ ನಾಲಗೆಯ ಮೇಲೆ ಹೆಪ್ಪುಗಟ್ಟಿದ ಮೊಸರಿನಂತೆ ಕಾಣುವ ಬಿಳಿಯ ಪದರ ಇದರದೇ ಕೃತಿ. ಸುಮಾರು ಇನ್ನೂರು ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಉದ್ದವಾದೀತು, ಅಷ್ಟು ಸಣ್ಣದು.

ಈ ಶಿಲೀಂಧ್ರವನ್ನು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಾದುದಿಲ್ಲ. ಆರೋಗ್ಯವಂತರಾದ ಎಷ್ಟೋ ಮಂದಿಯ ಬಾಯಲ್ಲಿ ಅದು ಬಾಡಿಗೆದಾರನಂತೆ ತೆಪ್ಪಗಿರುತ್ತದೆ. ಜೊಲ್ಲಿನ ಹರಿವು, ಬಾಯಲ್ಲಿನ ಇತರ ಜೀವಾಣುಗಳ ಪೈಪೋಟಿ, ದೇಹದ ರಕ್ಷಣಾಶಕ್ತಿ ಇವು ಅದನ್ನು ಹದ್ದಿನಲ್ಲಿಡುತ್ತವೆ. ಈ ಕಾವಲು ಸಡಿಲವಾದಾಗ ದುಂಡಗಿನ ಕಣವು ದಾರದಂತೆ ನೀಳವಾಗಿ ಚಾಚಿ ಲೋಳ್ಪೊರೆಯೊಳಕ್ಕೆ ಬೇರಿಳಿಸುತ್ತದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು, ಬಹುದಿನ ಸ್ಟಿರಾಯ್ಡ್ ಅಥವಾ ಜೀವಿರೋಧಕ ಔಷಧಿ ಸೇವಿಸುವವರು, ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಬಾಯಿ ಒಣಗುವ ವೃದ್ಧರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಹಲ್ಲಿನ ಸೆಟ್ಟನ್ನು ಹಗಲಿರುಳೂ ತೆಗೆಯದೆ ಹಾಕಿಕೊಂಡಿರುವವರ ಅಂಗುಳು ಸೆಟ್ಟಿನ ಆಕಾರಕ್ಕೆ ಸರಿಯಾಗಿ ಕೆಂಪೇರುವುದುಂಟು. ಅದರಲ್ಲಿಯೂ ಈ ಶಿಲೀಂಧ್ರದ ಪಾತ್ರ ದೊಡ್ಡದು. ಹಲ್ಲು ಕಟ್ಟಿಸಿಕೊಳ್ಳಲು ಬರುವವರಲ್ಲಿ ವೃದ್ಧರೂ ಸಕ್ಕರೆ ಕಾಯಿಲೆಯವರೂ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು. ಈ ಜೀವಿಯನ್ನು ಹೊತ್ತು ಬರುವವರೂ ಅವರೇ, ಅದರಿಂದ ನರಳಬಹುದಾದವರೂ ಅವರೇ.

2021ರಲ್ಲಿ ಕೋವಿಡ್ ಪಿಡುಗಿನ ಬೆನ್ನಿಗೇ 'ಕಪ್ಪು ಶಿಲೀಂಧ್ರ'ವೆಂಬ ಇನ್ನೊಂದು ರೋಗ ಕರ್ನಾಟಕವೂ ಸೇರಿದಂತೆ ಭಾರತದ ಅನೇಕ ಭಾಗಗಳಲ್ಲಿ ಕಾಣಿಸಿಕೊಂಡಿತು. ಅದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೆ ಪ್ರಾಣವುಳಿಸುವುದಕ್ಕಾಗಿ ಹಲವರ ಮೇಲ್ದವಡೆಯನ್ನೂ ಅಂಗುಳನ್ನೂ ಕತ್ತರಿಸಿ ತೆಗೆಯಬೇಕಾಯಿತು. ಉಂಡ ಅನ್ನ ಮೂಗಿಗೆ ಏರದಂತೆ, ಆಡಿದ ಮಾತು ತಿಳಿಯುವಂತೆ, ಆ ಬಯಲನ್ನು ಮುಚ್ಚುವ ಕೃತಕ ಅಂಗುಳನ್ನು ಅಂಥವರಿಗೆ ಮಾಡಿಕೊಡುತ್ತಾರೆ. ಅದಕ್ಕೂ ಮೊದಲ ಹೆಜ್ಜೆ ಇದೇ ಅಚ್ಚು. ಒಂದು ಶಿಲೀಂಧ್ರದಿಂದ ಹೇಗೋ ಪಾರಾಗಿ ಬಂದ ದೇಹಕ್ಕೆ ಮತ್ತೊಂದನ್ನು ಅಂಟಿಸುವ ಅಜಾಗರೂಕತೆ ಸಲ್ಲದು.

ಅಚ್ಚಿನಿಂದ ಕ್ರಿಮಿಗಳು ಸಾಗುತ್ತವೆಂಬುದು ಬರಿಯ ಊಹೆಯಲ್ಲ. 1975ರಲ್ಲಿ ಪ್ರಕಟವಾದ ಅಮೆರಿಕದ ವರದಿಯೊಂದರಲ್ಲಿ, ಕೃತಕ ದಂತಗಳ ಪ್ರಯೋಗಾಲಯವೊಂದರ ಕೆಲಸಗಾರರು ಒಂದೇ ಮೂಲದಿಂದ ಮೈಕೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಸೋಂಕಿಗೆ ಒಳಗಾದ ಸಂಗತಿ ದಾಖಲಾಗಿದೆ. ಅದು ಶಿಲೀಂಧ್ರವಲ್ಲ, ಶ್ವಾಸಕೋಶಕ್ಕೆ ತಗಲುವ ಬೇರೊಂದು ಜೀವಿ. ಆದರೂ ದಾರಿ ತೆರೆದಿದೆಯೆಂಬುದನ್ನು ಆ ಘಟನೆ ತೋರಿಸಿಕೊಟ್ಟಿತು. ಕ್ರಿಮಿಗಳಿರುವ ಅಚ್ಚಿಗೆ ಗಾರೆ ಹೊಯ್ದರೆ ಅವು ಗಾರೆಯ ಪಡಿಯಚ್ಚಿಗೂ ವರ್ಗವಾಗುತ್ತವೆಂದು 1983ರ ಸಂಶೋಧನೆಯೊಂದು ತಿಳಿಸಿತು. ಗಟ್ಟಿಯಾಗುವಾಗ ಗಾರೆ ಬೆಚ್ಚಗಾಗುವುದು ನಿಜ, ಆದರೆ ಆ ಬಿಸಿಯನ್ನು ನಂಬಿ ಕೂರುವಂತಿಲ್ಲ. ಚಿಕಿತ್ಸಾಲಯಗಳಿಂದ ಪ್ರಯೋಗಾಲಯಗಳಿಗೆ ಬಂದ ವಸ್ತುಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಜೀವಾಣುಗಳಿದ್ದುವೆಂದು 1990ರಲ್ಲಿ ವರದಿಯಾಯಿತು. ಅಚ್ಚಿನ ಜಾತಿಯೂ ಇಲ್ಲಿ ಮುಖ್ಯ. ಸಿಲಿಕೋನಿನ ಮೈ ನುಣುಪು. ನೀರು ಅದರ ಮೇಲೆ ಕೆಸವಿನೆಲೆಯ ಮೇಲಿನ ಹನಿಯಂತೆ ಜಾರುತ್ತದೆ. ಆಲ್ಜಿನೇಟಿನದು ನೀರು ತುಂಬಿದ ಒರಟು ಮೈ. ಆದುದರಿಂದ ಅದರಲ್ಲಿ ಹೆಚ್ಚು ಜೀವಿಗಳು ನೆಲೆ ಹಿಡಿಯುತ್ತವೆ.

ಹಾಗಾದರೆ ಅಚ್ಚನ್ನು ಕುದಿಸಿಬಿಟ್ಟರಾಗದೆ ಎಂದು ಯಾರಾದರೂ ಕೇಳಿಯಾರು. ಮಗುವಿನ ಹಾಲಿನ ಬಾಟಲಿಗೆ ಸಲ್ಲುವ ಉಪಾಯ ಇಲ್ಲಿ ಸಲ್ಲದು. ಬಿಸಿ ತಗಲಿದರೆ ಆಲ್ಜಿನೇಟ್ ಆಕಾರಗೆಡುತ್ತದೆ. ಸ್ಟೆಂಟನ ಮಿಶ್ರಣದಂಥವು ಮೆತ್ತಗಾಗಿ ಕುಸಿಯುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಲ್ಲಿನ ಸೆಟ್ಟು ಕೂರುವುದಿಲ್ಲ. ವಸಡನ್ನು ಒತ್ತುತ್ತದೆ, ಹುಣ್ಣು ಮಾಡುತ್ತದೆ. ದ್ರಾವಣದಲ್ಲಿ ಗಂಟೆಗಟ್ಟಲೆ ನೆನೆಸೋಣವೆಂದರೆ ಆಲ್ಜಿನೇಟ್ ನೀರನ್ನು ಹೀರಿ ಊದಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ನೀರನ್ನು ಬಿಟ್ಟುಕೊಟ್ಟು ಮುದುಡುತ್ತದೆ. ಕ್ರಿಮಿ ಸಾಯಬೇಕು, ಅಚ್ಚಿನ ಒಂದು ಗೆರೆಯೂ ಅಳಿಯಬಾರದು. ಅಚ್ಚಿನ ಶುದ್ಧಿಯ ಕಷ್ಟವೆಲ್ಲ ಇಲ್ಲಿದೆ.

ಈ ಕಷ್ಟಕ್ಕೆ ಕಂಡುಕೊಂಡಿರುವ ಪರಿಹಾರ ಸರಳವಾದುದು. ಬಾಯಿಯಿಂದ ತೆಗೆದ ಕೂಡಲೇ ಅಚ್ಚನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಜೊಲ್ಲು ರಕ್ತಗಳೊಂದಿಗೆ ಬಹುಪಾಲು ಕ್ರಿಮಿಗಳೂ ಕೊಚ್ಚಿಹೋಗುತ್ತವೆ. ಒಂದು ಕಾಲದಲ್ಲಿ ಇಷ್ಟೇ ಸಾಕೆಂದು ಭಾವಿಸಿದ್ದರು. ಆದರೆ ಉಳಿದ ಪಾಲೂ ಬೀಜದ ಧಾನ್ಯದಂತೆ. ತೇವವೂ ಕಾಲವೂ ದೊರೆತರೆ ಬೆಳೆಯಬಲ್ಲದು. ಆದುದರಿಂದ ತೊಳೆದ ಮೇಲೆ ಸೋಂಕುನಾಶಕ ದ್ರಾವಣದ ಸರದಿ. ನೂರು ಪಾಲಿನಲ್ಲಿ ಅರ್ಧ ಪಾಲಿನಿಂದ ಒಂದು ಪಾಲಿನವರೆಗೆ ಸೋಡಿಯಂ ಹೈಪೊಕ್ಲೋರೈಟ್ ಇರುವ ದ್ರಾವಣವು ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಆಲ್ಜಿನೇಟಿನ ಅಚ್ಚಾದರೆ ಎಲ್ಲ ಮೂಲೆಗಳಿಗೂ ತಾಗುವಂತೆ ಅದನ್ನು ಸಿಂಪಡಿಸಿ, ಬಾಯಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಸುಮಾರು ಹತ್ತು ನಿಮಿಷವಿಟ್ಟು, ಮತ್ತೆ ನೀರಿನಲ್ಲಿ ತೊಳೆದು, ತಡಮಾಡದೆ ಗಾರೆ ಹೊಯ್ಯಬೇಕು. ಸಿಲಿಕೋನನ್ನು ದ್ರಾವಣದಲ್ಲಿ ಮುಳುಗಿಸಿಯೇ ಇಡಬಹುದು. ನೀರು ಹೀರುವ ಸ್ವಭಾವದ ಪಾಲಿಈಥರನ್ನು ಬಹಳ ಹೊತ್ತು ಮುಳುಗಿಸಬಾರದು. ಗ್ಲುಟರಾಲ್ಡಿಹೈಡ್, ಅಯೊಡಿನ್ನಿನ ಸಂಯುಕ್ತಗಳು ಮುಂತಾದ ಬೇರೆ ನಾಶಕಗಳೂ ಉಂಟು. ಯಾವ ಅಚ್ಚಿಗೆ ಯಾವುದು, ಎಷ್ಟು ಹೊತ್ತು ಎಂಬುದನ್ನು ಅಚ್ಚಿನ ವಸ್ತುವನ್ನು ತಯಾರಿಸಿದವರ ಸೂಚನೆಯಂತೆ ನಿರ್ಧರಿಸಬೇಕು.

ಮೊದಲು ತೊಳೆದು ಆಮೇಲೆ ನಾಶಕ ಹಾಕುವ ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಫಲ ಕೆಡುತ್ತದೆ. ಜೊಲ್ಲು ರಕ್ತಗಳಿದ್ದಲ್ಲಿ ಕ್ಲೋರಿನ್ ತನ್ನ ಶಕ್ತಿಯನ್ನು ಅವುಗಳ ಮೇಲೆಯೇ ವೆಚ್ಚಮಾಡಿಕೊಳ್ಳುತ್ತದೆ. ಅಡಿಯಲ್ಲಿ ಅಡಗಿದ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ತೆಳುಮಾಡಿದ ದ್ರಾವಣವು ದಿನಕಳೆದಂತೆ ಸತ್ವಗುಂದುವುದರಿಂದ ಅದನ್ನು ಆಗಾಗ ಹೊಸದಾಗಿಯೇ ಸಿದ್ಧಪಡಿಸಬೇಕು. ಕಪಾಟಿನಲ್ಲಿ ಹಳೆಯ ಬಾಟಲಿ ಇದೆಯೆಂಬ ಧೈರ್ಯ ಪ್ರಯೋಜನಕ್ಕೆ ಬಾರದು.

ಕ್ಲೋರಿನ್ನಿನ ಈ ಸೇವೆ ಹೊಸದೇನೂ ಅಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿ ಬಂದ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆದೇ ಬಾಣಂತಿಯರ ಬಳಿಗೆ ಹೋಗಬೇಕೆಂದು ವಿಧಿಸಿದನು. ಕೆಲವೇ ತಿಂಗಳಲ್ಲಿ ಬಾಣಂತಿ ಜ್ವರದ ಸಾವುಗಳು ಬಹಳವಾಗಿ ಇಳಿದುವು. ಆದರೂ ಸಹೋದ್ಯೋಗಿಗಳಲ್ಲಿ ಅನೇಕರು ಆತನ ಮಾತನ್ನು ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಡೇಕಿನ್ ಮತ್ತು ಕ್ಯಾರೆಲ್ ಎಂಬಿಬ್ಬರು ಅರ್ಧ ಪಾಲು ಹೈಪೊಕ್ಲೋರೈಟ್ ದ್ರಾವಣದಿಂದ ಸೈನಿಕರ ಕೊಳೆತ ಗಾಯಗಳನ್ನು ತೊಳೆದು ಎಷ್ಟೋ ಕೈಕಾಲುಗಳನ್ನು ಉಳಿಸಿದರು. ಅಚ್ಚಿನ ಮೇಲೆ ಸಿಂಪಡಿಸುವ ಹನಿ ಆ ವಂಶದ್ದೇ.

ಕಾಯಿಲೆ ಬಂದರೆ ಔಷಧಿಯಿಲ್ಲವೆ ಎಂಬ ಪ್ರಶ್ನೆಗೆ ಉತ್ತರ ಹೇಳುವಾಗ ಇಬ್ಬರು ಮಹಿಳೆಯರನ್ನು ಸ್ಮರಿಸಲೇಬೇಕು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಇರುತ್ತಿದ್ದುದು ಬೇರೆ ಬೇರೆ ನಗರಗಳಲ್ಲಿ. ಒಬ್ಬಾಕೆ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಗಾಜಿನ ಜಾಡಿಗಳಲ್ಲಿ ಅಂಚೆಯ ಮೂಲಕ ಕಳುಹಿಸುವರು. ಇನ್ನೊಬ್ಬಾಕೆ ಅವುಗಳಿಂದ ಸತ್ವ ತೆಗೆದು ಅಂಚೆಯಲ್ಲಿಯೇ ಹಿಂದಿರುಗಿಸುವರು. ವರ್ಜಿನಿಯಾದ ಸ್ನೇಹಿತರ ತೋಟದ ಮಣ್ಣಿನಲ್ಲಿ ಸಿಕ್ಕ ಜೀವಿಯೊಂದು ಶಿಲೀಂಧ್ರವನ್ನು ಕೊಲ್ಲುವ ಪದಾರ್ಥವನ್ನು ಕೊಟ್ಟಿತು. 1950ರಲ್ಲಿ ಪ್ರಕಟವಾದ ಆ ಔಷಧಿಗೆ ತಮ್ಮ ರಾಜ್ಯದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ನಾಮಕರಣ ಮಾಡಿದರು. ಅದರಿಂದ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೀರಿದ ಹಣವನ್ನು ತಮಗೆಂದು ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೇ ಬಿಟ್ಟುಕೊಟ್ಟರು. ಬಾಯಿಯ ಕ್ಯಾಂಡಿಡಕ್ಕೆ ವೈದ್ಯರು ಇಂದಿಗೂ ಆ ಔಷಧಿಯನ್ನು ಬರೆದುಕೊಡುತ್ತಾರೆ.

ಆದರೆ ಶಿಲೀಂಧ್ರಗಳಿಗೆ ಔಷಧಿಗಳ ವರ್ಗಗಳು ಕೆಲವೇ. ಬ್ಯಾಕ್ಟೀರಿಯಾಗಳಿಗೆ ಇರುವಷ್ಟು ಆಯ್ಕೆ ಇಲ್ಲಿಲ್ಲ. ಶಿಲೀಂಧ್ರದ ಜೀವಕೋಶವು ಮನುಷ್ಯನ ಜೀವಕೋಶವನ್ನು ಬಹುವಾಗಿ ಹೋಲುವುದರಿಂದ, ಅದನ್ನು ಕೊಂದು ಇದನ್ನು ಉಳಿಸುವ ವಿಷವನ್ನು ಹುಡುಕುವುದು ಕಷ್ಟ. ಇದ್ದ ಔಷಧಿಗಳಿಗೂ ಕೆಲವು ಜಾತಿಗಳು ಜಗ್ಗದಂತಾಗಿವೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡ ಆರಿಸ್ ಎಂಬುದು ಹೆಚ್ಚಾಗಿ ಚರ್ಮದ ಮೇಲೆ ನೆಲೆಸುವಂಥದು. ಆಸ್ಪತ್ರೆಯ ಮಂಚ, ಮೇಜುಗಳ ಮೇಲೆ ಬಹುದಿನ ಬದುಕಿದ್ದು, ಹಲವು ಔಷಧಿಗಳನ್ನು ಧಿಕ್ಕರಿಸಿ, ಅದು ಭಾರತವೂ ಸೇರಿದಂತೆ ಅನೇಕ ದೇಶಗಳಿಗೆ ಹಬ್ಬಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಂತ ಗಮನ ಕೊಡಬೇಕಾದ ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿದಾಗ, ಕ್ಯಾಂಡಿಡ ಆರಿಸ್ ಮತ್ತು ಬಾಯಿಯ ಕ್ಯಾಂಡಿಡ ಆಲ್ಬಿಕನ್ಸ್ ಎರಡನ್ನೂ ಮೊದಲ ಪಂಕ್ತಿಯಲ್ಲಿಯೇ ಸೇರಿಸಿತು. ಔಷಧಿ ವಿರಳವಾದ ಕಡೆ ತಡೆಯೇ ಮೇಲು.

ಇತ್ತೀಚೆಗೆ ಹಿಟ್ಟೇ ಬೇಡವೆಂದು ಪುಟ್ಟ ಕ್ಯಾಮರಾವನ್ನು ಬಾಯೊಳಗೆ ಆಡಿಸಿ ಕಂಪ್ಯೂಟರಿನಲ್ಲಿಯೇ ಅಳತೆ ಪಡೆಯುವ ಯಂತ್ರಗಳು ಬಂದಿವೆ. ಎಂಜಲಿನ ಮುದ್ದೆಯ ಪ್ರಯಾಣ ಅಲ್ಲಿಗೆ ತಪ್ಪಿತು. ಆದರೆ ಆ ಕ್ಯಾಮರಾದ ತುದಿಯೂ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಹೋಗತಕ್ಕದ್ದೇ. ಅದನ್ನೂ ಪ್ರತಿಸಲ ಶುದ್ಧಗೊಳಿಸಬೇಕು. ಹಲ್ಲೇ ಇಲ್ಲದ ಬಾಯಿಗೆ ಪೂರ್ತಿ ಸೆಟ್ಟು ಮಾಡುವಾಗ ಹಿಟ್ಟಿನ ಅಚ್ಚನ್ನೇ ನೆಚ್ಚುವವರು ಇಂದಿಗೂ ಬಹಳ.

ವೈದ್ಯರ ಪಾಲಿನ ಕೆಲಸ ಮುಗಿದ ಮೇಲೆ ಮನೆಯ ಪಾಲಿನದೂ ಒಂದಿಷ್ಟು ಉಂಟು. ಶುದ್ಧವಾದ ಅಚ್ಚಿನಿಂದ ಬಂದ ಸೆಟ್ಟನ್ನು ತೊಳೆಯದೆ ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡರೆ ಶಿಲೀಂಧ್ರಕ್ಕೆ ತಾನಾಗಿ ಮನೆ ಕಟ್ಟಿಕೊಟ್ಟಂತೆ. ರಾತ್ರಿ ಮಲಗುವಾಗ ಸೆಟ್ಟನ್ನು ತೆಗೆದು, ಮೃದುವಾದ ಬ್ರಷ್ಷಿನಿಂದ ಸೋಪು ಹಚ್ಚಿ ಉಜ್ಜಿ, ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿಡಬೇಕು. ಕುದಿಯುವ ನೀರು ಹಾಕಿದರೆ ಅದು ಸೊಟ್ಟಗಾಗುತ್ತದೆ. ಅಂಗುಳು ಕೆಂಪೇರಿದರೆ, ಬಾಯಿ ಉರಿದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯೋ ಬೇರೆ ದೀರ್ಘ ಚಿಕಿತ್ಸೆಯೋ ಇದ್ದರೆ ಅಳತೆ ಕೊಡುವ ಮೊದಲೇ ಅದನ್ನು ತಿಳಿಸುವುದು ಲೇಸು.

ಅಮೆರಿಕದ ರೋಗನಿಯಂತ್ರಣ ಕೇಂದ್ರವು 2003ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಒಂದು ಚಿಕ್ಕ ಮಾತಿದೆ. ಪ್ರಯೋಗಾಲಯಕ್ಕೆ ಅಚ್ಚನ್ನು ಕಳುಹಿಸುವಾಗ ಅದನ್ನು ಯಾವ ರೀತಿಯಲ್ಲಿ ಸೋಂಕುಮುಕ್ತಗೊಳಿಸಲಾಗಿದೆಯೆಂಬುದನ್ನೂ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದರೆ ಕೆಲಸವಾಯಿತು. ಚೀಟಿಯಿಲ್ಲದೆ ಬಂದ ಅಚ್ಚನ್ನು ಪ್ರಯೋಗಾಲಯದವರು ಶುದ್ಧವಾಗಿಲ್ಲವೆಂದೇ ಎಣಿಸಬೇಕಾಗುತ್ತದೆ. ಎರಡು ಕಡೆಯವರೂ ಹಾಗೆ ಎರಡೆರಡು ಸಲ ದ್ರಾವಣದಲ್ಲಿಟ್ಟರೆ ಆಲ್ಜಿನೇಟ್ ಊದಿ ಅಳತೆಯೇ ಕೆಡುತ್ತದೆ. ಇಬ್ಬರೂ ಮತ್ತೊಬ್ಬರು ಮಾಡಿರಬಹುದೆಂದು ಸುಮ್ಮನಾದರೆ ಶಿಲೀಂಧ್ರಕ್ಕೆ ದಾರಿ ಸಲೀಸು.

ಹೆತ್ತವರಿಗೆ ಹಲ್ಲು ಕಟ್ಟಿಸುವ ಮಕ್ಕಳು ಸೆಟ್ಟಿನ ಬೆಲೆಯನ್ನೂ ಹಲ್ಲಿನ ಬಣ್ಣವನ್ನೂ ವಿಚಾರಿಸುವಂತೆಯೇ, 'ಅಚ್ಚನ್ನು ಶುದ್ಧಿಮಾಡಿ ಕಳುಹಿಸುತ್ತೀರಲ್ಲವೆ?' ಎಂದು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರಾರೂ ಬೇಸರಿಸರು. ಅದಕ್ಕೆ ಬೇಕಾದುದು ಒಂದಿಷ್ಟು ನೀರು, ಅಗ್ಗದ ದ್ರಾವಣ, ಹತ್ತು ನಿಮಿಷದ ತಾಳ್ಮೆ. ಆ ಹತ್ತು ನಿಮಿಷದ ಫಲ ಅಳತೆ ಕೊಟ್ಟವರಿಗೆ ಮಾತ್ರ ಸಲ್ಲುವುದಲ್ಲ. ಗಾರೆ ಹೊಯ್ಯುವ ಕುಶಲಕರ್ಮಿಗೂ, ಅದೇ ಬಾಣಲೆಯಲ್ಲಿ ಉಜ್ಜಿಸಿಕೊಂಡು ಹೊಳೆಯಲಿರುವ ಇನ್ನೊಂದು ಸೆಟ್ಟನ್ನು ಕಾಯುತ್ತ ಎಲ್ಲಿಯೋ ಕುಳಿತಿರುವ ಅಪರಿಚಿತ ವೃದ್ಧರಿಗೂ ಅದು ಸಲ್ಲುತ್ತದೆ.